ಸಿನೆಮಾ ಓದುವುದು ನಗೆಪಾಟಲೆ?

ಇಂಗ್ಲೆಂಡಿನಲ್ಲಿ ಸಿನೆಮಾವನ್ನೇ ಪರೀಕ್ಷೆಯ ವಿಷಯವಾಗಿ ತೆಗೆದುಕೊಂಡು ಓದುವ ಹುಡುಗರಿದ್ದಾರೆ ಎಂದು ಮೊನ್ನೆ ಯೂನಿಯನ್ ಕಚೇರಿಯ ಜಗಲಿಯ ಮೇಲೆ ಹೇಳಿದೆ. ಕುಳಿತವರೆಲ್ಲ ಗೊಳ್ಳೆಂದು ನಕ್ಕರು. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ” ಎಂದರು ಹಿರಿಯ ಸಂಗಾತಿಯೊಬ್ಬರು. ಬಂಧುಗಳೇ, ಈ ನಗೆಯನ್ನು ನಮಗೆ ಬೇರೆಯವರು ಕಲಿಸಿಕೊಟ್ಟಿದ್ದಾರೆ. ಕಲಿಸಿದವರು ಯಾರು, ಅದರಿಂದ ಲಾಭ ಯಾರಿಗೆ ಎಂಬುದನ್ನು ವಿಚಾರಿಸೋಣ.

ಮೊದಲು ಸಂಗತಿ ತಿಳಿಯೋಣ. ಅಲ್ಲಿ 16 ತುಂಬಿದವರಿಗೆ ‘ಸಿಕ್ಸ್ತ್ ಫಾರಂ’ ಎಂಬ ಎರಡು ವರ್ಷದ ತರಗತಿ ಇದೆ, ನಮ್ಮ ಪಿ.ಯು.ಸಿ. ಇದ್ದ ಹಾಗೆ. ಸಾಮಾನ್ಯವಾಗಿ ಮೂರು ವಿಷಯ ಆರಿಸಿಕೊಂಡು ‘ಎ ಲೆವೆಲ್’ ಪರೀಕ್ಷೆಗೆ ಕೂರುತ್ತಾರೆ. ಆ ವಿಷಯಗಳಲ್ಲಿ ಚಲಚ್ಚಿತ್ರವೂ ಒಂದು. ಎಡುಕಾಸ್ ಎಂಬ ಪರೀಕ್ಷಾ ಮಂಡಳಿ 2017ರಲ್ಲಿ ಜಾರಿಗೆ ತಂದ ಪಠ್ಯಕ್ರಮದಂತೆ ವಿದ್ಯಾರ್ಥಿ 11 ಚಿತ್ರಗಳನ್ನು ಅಭ್ಯಾಸ ಮಾಡಬೇಕಾಗಿತ್ತು. ಎರಡು ಪ್ರಶ್ನೆಪತ್ರಿಕೆಗಳಿಗೆ ನೂರಕ್ಕೆ 70; ಸ್ವತಃ ಕಿರುಚಿತ್ರ ತೆಗೆಯುವುದಕ್ಕೆ ಅಥವಾ ಚಿತ್ರಕಥೆ ಬರೆಯುವುದಕ್ಕೆ 30.

ಆಯ್ಕೆಗೆಂದು ಆ ಪಟ್ಟಿಯಲ್ಲಿಟ್ಟಿದ್ದ ಒಂದು ಚಿತ್ರ ‘ಸ್ಟ್ರೈಕ್’. ಐಸೆನ್‌ಸ್ಟೈನ್ ತೆಗೆದ 1925ರ ರಷ್ಯದ ಮೂಕಿಚಿತ್ರ. ಕಾರಖಾನೆಯಲ್ಲಿ ಕಳ್ಳತನದ ಸುಳ್ಳು ಆರೋಪ ಹೊತ್ತ ಕೆಲಸಗಾರನೊಬ್ಬ ನೇಣು ಹಾಕಿಕೊಳ್ಳುತ್ತಾನೆ. ಯಂತ್ರಗಳು ನಿಲ್ಲುತ್ತವೆ. ಒಂದು ಕಡೆ ಷೇರುದಾರನೊಬ್ಬ ಪಾನೀಯಕ್ಕೆಂದು ನಿಂಬೆಹಣ್ಣು ಹಿಂಡುತ್ತಾನೆ. ಮರುಗಳಿಗೆಗೆ ಕುದುರೆ ಪೊಲೀಸರು ಹರತಾಳಗಾರರ ಮೇಲೆ ಏರಿ ಬರುತ್ತಾರೆ. ಆ ನಿಂಬೆಹಣ್ಣೂ ಆ ಕುದುರೆಯೂ ಒಂದು ಜಾಗದಲ್ಲಿರಲಿಲ್ಲ. ಎರಡು ತುಂಡುಗಳನ್ನು ನಿರ್ದೇಶಕ ಪಕ್ಕಪಕ್ಕಕ್ಕೆ ಅಂಟಿಸಿದ, ಅರ್ಥ ಹುಟ್ಟಿತು. ಈ ಅಂಟನ್ನು ಕಾಣುವುದೇ ಆ ತರಗತಿಯ ಮೊದಲ ಪಾಠ.

ಈಗ ನಮ್ಮ ವಿಷಯಕ್ಕೆ ಬನ್ನಿ. ಹರತಾಳದ ಸುದ್ದಿ ತೋರಿಸುವವರು ಒಡೆದ ಗಾಜನ್ನು ಮೊದಲು ತೋರಿಸುತ್ತಾರೆ. ಕಡಿದ ಕೂಲಿಯನ್ನು ತೋರಿಸುವುದೇ ಇಲ್ಲ. ನೋಡಿದವನಿಗೆ ತಪ್ಪು ಯಾರದೆನಿಸುತ್ತದೆ? ಚಿತ್ರದಲ್ಲಿ ಸುಳ್ಳಿಲ್ಲ, ಸುಳ್ಳಿರುವುದು ಅಂಟಿನಲ್ಲಿ. ವ್ಯಾಪಾರಿ ಬಂಧುಗಳೇ, ಸಗಟು ಮಾಲು ಕೊಳ್ಳುವಾಗ ತಕ್ಕಡಿಯ ತಳ ನೋಡದೆ ತೂಕ ಒಪ್ಪುತ್ತೀರಾ? ಮನಸ್ಸಿನೊಳಗೆ ಇಳಿಯುವ ಮಾಲನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಬೇಕೆ?

ಇನ್ನು ಮಾಲೀಕರ ಕಡೆ ನೋಡಿ. ಹಿಟ್ಟಿನ ಗಿರಣಿಗಳ ಸಾಹುಕಾರ ಜೆ. ಆರ್ಥರ್ ರ‍್ಯಾಂಕ್ ಪಾಲುದಾರರೊಡನೆ 1936ರಲ್ಲಿ ಪೈನ್‌ವುಡ್ ಸ್ಟುಡಿಯೋ ತೆರೆದ. 1940ರ ದಶಕದಲ್ಲಿ 600ಕ್ಕೂ ಹೆಚ್ಚು ಚಿತ್ರಮಂದಿರಗಳು ಅವನ ಕೈಯಲ್ಲಿದ್ದವು. ಗಿರಣಿ ಮಾಲೀಕನಿಗೆ ಸಿನೆಮಾ ಎಂದೂ ಹಗುರ ವಿಷಯವಾಗಿರಲಿಲ್ಲ. ಗಿರಣಿ ಕೂಲಿಯವನ ಮಗಳು ಅದನ್ನು ಓದಲು ಕುಳಿತಾಗ ಮಾತ್ರ ಹಗುರವಾಗುತ್ತದೆ!

1963ರಲ್ಲಿ ಇಂಗ್ಲೆಂಡಿನ ನ್ಯೂಸಂ ವರದಿ, ಸಾಧಾರಣ ಮತ್ತು ಅದಕ್ಕೂ ಕಡಿಮೆ ಬುದ್ಧಿಯವರೆಂದು ಬೇರೆ ಮಾಡಿದ್ದ 13ರಿಂದ 16ರ ಮಕ್ಕಳಿಗೆ ಸಿನೆಮಾ ಪಾಠ ಬೇಕೆಂದಿತು. ಆ ಮಕ್ಕಳಲ್ಲಿ ಬಹುಪಾಲು ದುಡಿಯುವವರ ಮಕ್ಕಳೇ. ಅಂದು ಅದು ಔಷಧ. ಮುಂದೆ ಅದೇ ಪಾಠ ದೊಡ್ಡ ಪರೀಕ್ಷೆಯಾಗಿ ಬೆಳೆದು ವಿಶ್ವವಿದ್ಯಾಲಯದ ಬಾಗಿಲು ತಟ್ಟಿದಾಗ ಅದು ‘ಸಡಿಲ ವಿಷಯ’ವಾಯಿತು. 2003ರಲ್ಲಿ ಲೇಬರ್ ಪಕ್ಷದ ಮಂತ್ರಿಣಿಯೇ ಕೆಲವು ಪದವಿಗಳನ್ನು ‘ಮಿಕಿ ಮೌಸ್’ ಎಂದು ಹೀಗಳೆದರು; ಆ ಅಡ್ಡಹೆಸರು ಮಾಧ್ಯಮ, ಸಿನೆಮಾಗಳ ಬೆನ್ನಿಗೆ ಅಂಟಿತು. 2011ರಲ್ಲಿ ರಸೆಲ್ ಕೂಟದ ದೊಡ್ಡ ವಿಶ್ವವಿದ್ಯಾಲಯಗಳು ಅನುಕೂಲ ವಿಷಯಗಳ ಪಟ್ಟಿ ಹೊರಡಿಸಿದವು. ಸಿನೆಮಾ ಅದರಲ್ಲಿರಲಿಲ್ಲ. 2019ರಲ್ಲಿ ಪಟ್ಟಿಯನ್ನು ಕೈಬಿಟ್ಟರು; ಎಂಟು ವರ್ಷ ಅದನ್ನು ನಂಬಿ ದಾರಿ ಬದಲಿಸಿದ ಮಕ್ಕಳಿಗೆ ಉತ್ತರ ಕೊಡುವವರಾರು?

ಇನ್ನೊಂದು ಲೆಕ್ಕ ಕೇಳಿ. ಚಿತ್ರ ತಯಾರಿಸುವ ಕಂಪನಿಗಳಿಗೆ 2007ರಿಂದ ಅಲ್ಲಿನ ಸರಕಾರ ಹೊಸ ತೆರಿಗೆ ರಿಯಾಯತಿ ಕೊಟ್ಟಿತು. ವಿಶ್ವವಿದ್ಯಾಲಯಗಳಲ್ಲಿ ಕಲೆ, ನಾಟಕ, ಮಾಧ್ಯಮ ಕಲಿಯುವವರ ಪಾಲಿನ ವಿಶೇಷ ಅನುದಾನವನ್ನು 2021ರಲ್ಲಿ ಅರ್ಧಕ್ಕೆ ಇಳಿಸಿತು. ತೆಗೆಯುವವನಿಗೆ ಬೆಲ್ಲ, ಕಲಿಯುವವನಿಗೆ ಬೇವು!

ಹಿರಿಯ ಸಂಗಾತಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಡವನ ಮಗ ಗಣಿತ ಕಲಿಯಲೇಬೇಕು, ಲೆಕ್ಕ ಬಾರದವನಿಗೆ ಕೂಲಿಯಲ್ಲೂ ಮೋಸ. ಆದರೆ ಮೂರು ವಿಷಯಗಳಲ್ಲಿ ಒಂದು ಕಣ್ಣು ತೆರೆಸಿದರೆ ಹೊಟ್ಟೆಗೆ ಏನು ನಷ್ಟ? ಹಿಟ್ಟು ಕಸಿದವನನ್ನು ಗುರುತಿಸಲು ಕಣ್ಣೂ ಬೇಕು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೇಷ್ಟ್ರಾಗಿದ್ದಾಗ, ಶಾಲೆ ತಪ್ಪಿಸಿ ಸಿನೆಮಾಕ್ಕೆ ಹೋದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಏನು ನೋಡಿದಿರಿ, ಎಲ್ಲಿ ಅತ್ತಿರಿ, ನಿಮ್ಮನ್ನು ಅಳಿಸಿದವರು ಯಾರು ಎಂದು ಒಂದು ದಿನವೂ ಕೇಳಲಿಲ್ಲ. ಎಡುಕಾಸ್ ಪಟ್ಟಿಯಲ್ಲಿ ಮಣಿರತ್ನಂ ಅವರ 1998ರ ‘ದಿಲ್ ಸೆ’ ಕೂಡ ಇತ್ತು. ಅವರು ನಿರ್ದೇಶಿಸಿದ ಮೊದಲ ಚಿತ್ರ 1983ರ ‘ಪಲ್ಲವಿ ಅನುಪಲ್ಲವಿ’, ನಮ್ಮ ಕನ್ನಡದ್ದು. ಅವರ ಚಿತ್ರವಿಟ್ಟುಕೊಂಡು ಲಂಡನ್ನಿನ ಹುಡುಗಿ ಪ್ರಶ್ನೆ ಕೇಳಬಹುದು. ನಾವು ಶಿಳ್ಳೆ ಹೊಡೆದು ಮನೆಗೆ ಬರಬೇಕೆ?

ಸರಕಾರದ ಆಜ್ಞೆಗೆ ಕಾಯುವುದು ಬೇಡ. ಬರುವ ಭಾನುವಾರ ಸಂಜೆ ಮಕ್ಕಳೊಡನೆ ಯೂನಿಯನ್ ಕಚೇರಿಗೆ ಬನ್ನಿ. ಒಂದು ಚಿತ್ರ ನೋಡೋಣ. ಮುಗಿದ ಮೇಲೆ ಏಳದೆ ಕುಳಿತು ಮೂರು ಪ್ರಶ್ನೆ ಕೇಳೋಣ: ಹಣ ಯಾರದು? ಏನನ್ನು ತೋರಿಸಲಿಲ್ಲ? ಯಾವುದರ ಪಕ್ಕ ಯಾವುದನ್ನು ಅಂಟಿಸಿದರು? ಆಮೇಲೆ ನಗುವವರು ನಗಲಿ.