ಬಿಸಿ ಎಂಜಿನ್ನಿಗೆ ತುಂಗೆಯ ತಣ್ಣೀರು

ಬಿಸಿಯಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಅದು ಒಡೆಯುವುದೇಕೆ? ಎರಡು ಅಂಕದ ಪ್ರಶ್ನೆ. ವಿದ್ಯಾರ್ಥಿ ಮಿತ್ರರೇ, ವರ್ಷಗಟ್ಟಲೆ ಈ ಪ್ರಶ್ನೆ ಕೇಳಿ, ಉತ್ತರ ಅರ್ಧ ಬರೆದವರಿಗೆ ನಿರ್ದಾಕ್ಷಿಣ್ಯವಾಗಿ ಒಂದು ಅಂಕ ಕತ್ತರಿಸಿದವನು ನಾನು. 2019ರ ಏಪ್ರಿಲ್‌ನಲ್ಲಿ ಅದೇ ಪ್ರಶ್ನೆಯಲ್ಲಿ ನಾನೇ ನಪಾಸಾದೆ.

ನಮ್ಮ ನೆರೆಮನೆಯ ವಕೀಲರ ಬಳಿ ಅವರ ತಂದೆಯ ಕಾಲದ ಆಸ್ಟಿನ್ ಸೆವೆನ್ ಕಾರಿದೆ. 1936ರದು. 747 ಸಿ.ಸಿ.ಯ ಪುಟ್ಟ ಎಂಜಿನ್, ನಾಲ್ಕು ಸಿಲಿಂಡರು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಒಂದು ಮದುವೆಗೆ ಅದರಲ್ಲೇ ಹೊರಟೆವು. ಮಂಡಗದ್ದೆ ಹತ್ತಿರ ಬರುವಷ್ಟರಲ್ಲಿ ರೇಡಿಯೇಟರಿನಿಂದ ಹಬೆ ಏಳತೊಡಗಿತು. ವಕೀಲರು ಫೋನಿಗೆ ಸಿಗ್ನಲ್ ಹುಡುಕುತ್ತಾ ರಸ್ತೆಯಲ್ಲಿ ಮುಂದೆ ಹೋದರು. ಸುಮ್ಮನೆ ನಿಲ್ಲಲಾರದ ನಾನು ಹತ್ತಿರದ ಮನೆಯಲ್ಲಿ ಬಕೆಟ್ ಕೇಳಿ ಪಡೆದು, ತುಂಗೆಯ ನೀರು ತಂದು, ಟವೆಲ್ ಹಿಡಿದು ಮುಚ್ಚಳ ತೆಗೆದು ಸುರಿದೇಬಿಟ್ಟೆ. (ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದದ್ದೂ ತಪ್ಪೇ. ಮುಖ ಸುಡದೆ ಉಳಿದದ್ದು ನನ್ನ ಅದೃಷ್ಟ.) ಒಳಗೆಲ್ಲೋ ‘ಟಣ್’ ಎಂದಿತು. ವಕೀಲರು ಬಂದಾಗ ನಾನು ಆ ಶಬ್ದದ ಮಾತೆತ್ತಲಿಲ್ಲ.

ಈ ಕಾರಿನಲ್ಲಿ ನೀರನ್ನು ತಳ್ಳುವ ಪಂಪು ಇಲ್ಲ. ಬಿಸಿನೀರು ಹಗುರಾಗಿ ಮೇಲೇರುತ್ತದೆ, ರೇಡಿಯೇಟರಿನಲ್ಲಿ ತಣಿದು ಕೆಳಗಿಳಿದು ಮತ್ತೆ ಎಂಜಿನ್ನಿಗೆ ಬರುತ್ತದೆ. ನೀವು ಓದುವ ಸಂವಹನವೇ ಇದು. ಆದರೆ ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗಿಳಿದರೆ ಈ ಸುತ್ತಾಟ ನಿಂತೇಹೋಗುತ್ತದೆ. ನಮ್ಮ ಕಾರು ಕುದಿದದ್ದು ಹಾಗೆ.

ಟೆಂಪೋ ಮೇಲೆ ಹೇರಿಕೊಂಡು ಬಂದ ಕಾರನ್ನು ನೋಡಿದವನು ನನ್ನ ಹಳೆಯ ವಿದ್ಯಾರ್ಥಿ. 2001ರಲ್ಲಿ ಒಂಬತ್ತನೇ ತರಗತಿಯ ಹಿಂದಿನ ಬೆಂಚಿನವನು, ಈಗ ಸ್ವಂತ ಗ್ಯಾರೇಜು. ಎಂಜಿನ್ನಿನ ಪಕ್ಕದಲ್ಲಿ ನೀರು ಜಿನುಗುತ್ತಿತ್ತು. ಬಿರುಕು ಎಲ್ಲಿಂದ ಎಲ್ಲಿಯವರೆಗೆ ಎಂದು ಕಣ್ಣಿಗೆ ಕಾಣದು. ಅವನು ಆ ಜಾಗ ಒರೆಸಿ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒರೆಸಿ, “ಜೇಬಲ್ಲಿ ಸೀಮೆಸುಣ್ಣ ಇದ್ಯಾ ಸಾರ್?” ಎಂದ. ಇತ್ತು. ಅದರ ಪುಡಿ ಉದುರಿಸಿದ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಮೂರು ಅಂಗುಲದ ಕಪ್ಪು ಗೆರೆ ಮೂಡಿತು.

“ಕಾದ ಎಂಜಿನ್ನಿಗೆ ತಣ್ಣೀರು ಹುಯ್ದಿದ್ದು ಯಾರು ಸಾರ್?”

ಪಕ್ಕದಲ್ಲಿ ವಕೀಲರು, “ಅಪ್ಪ ಜೋಪಾನ ಮಾಡಿದ ಗಾಡಿ, ನಾನು ಓಡಿಸಿ ಹಾಳುಮಾಡಿದೆ” ಎಂದು ಮೂರನೇ ಸಲ ಹೇಳುತ್ತಿದ್ದರು. ಇನ್ನು ಸುಮ್ಮನಿರುವುದು ಆಗಲಿಲ್ಲ. “ನಾನು” ಎಂದೆ. ವಕೀಲರು ನನ್ನನ್ನೇ ನೋಡಿದರು. ಹುಡುಗ ತಲೆ ತಗ್ಗಿಸಿ, “ಲೋಟದ ಪಾಠ ನೀವೇ ಮಾಡಿದ್ದು ಸಾರ್” ಎಂದ.

ಲೋಟದ ಪಾಠವೇ ಸರಿ. ಎಂಜಿನ್ನಿನ ಬ್ಲಾಕು ಬೀಡಿನದು, ಅಂದರೆ ಎರಕದ ಕಬ್ಬಿಣ. ಒಂದಡಿ ಉದ್ದದ ಬೀಡು 70 ಡಿಗ್ರಿ ತಣಿದರೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ತಣ್ಣೀರು ತಾಗಿದ ಭಾಗ ಕುಗ್ಗಲು ಹೊರಟಿತು, ಪಕ್ಕದ ಬಿಸಿ ಭಾಗ ಬಿಡಲಿಲ್ಲ. ಉಕ್ಕಾಗಿದ್ದರೆ ಒಂದಿಷ್ಟು ಹಿಗ್ಗಿ ಸಹಿಸುತ್ತಿತ್ತೇನೋ. ಬೀಡಿನೊಳಗೆ ಇಂಗಾಲವು ಗ್ರಾಫೈಟಿನ ಸಣ್ಣ ಸಣ್ಣ ಚಕ್ಕೆಗಳಾಗಿ ಕುಳಿತಿರುತ್ತದೆ. ನಿಮ್ಮ ಪೆನ್ಸಿಲ್ಲಿನ ಕಡ್ಡಿಯಲ್ಲಿ ಇರುವುದೂ ಅದೇ. ಒತ್ತಿದರೆ ಬೀಡು ಬಲು ಗಟ್ಟಿ, ಎಳೆದರೆ ಆ ಚಕ್ಕೆಗಳ ಅಂಚಿನಿಂದಲೇ ಸೀಳುತ್ತದೆ. ಚಳಿದೇಶಗಳಲ್ಲಿ ಇದೇ ಬ್ಲಾಕು ಬೇರೆ ಬಗೆಯಲ್ಲಿ ಒಡೆಯುತ್ತದೆ: ರಾತ್ರಿ ಒಳಗಿನ ನೀರು ಮಂಜುಗಡ್ಡೆಯಾಗಿ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಗೋಡೆಯನ್ನು ತಳ್ಳಿಬಿಡುತ್ತದೆ.

“ವೆಲ್ಡಿಂಗ್ ಮಾಡಿಬಿಡಪ್ಪ” ಎಂದೆ. ಅವನು ಒಪ್ಪಲಿಲ್ಲ. ಒಂದೇ ಕಡೆ ಕಾಯಿಸಿದರೆ ತಣಿಯುವಾಗ ಆ ಜಾಗ ಕುಗ್ಗಿ, ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ; ಬೇಗ ತಣಿದ ಬೀಡು ಗಾಜಿನಂತೆ ಪೆಡಸಾಗುತ್ತದೆ. ಇಡೀ ಬ್ಲಾಕನ್ನು ಕುಲುಮೆಯಲ್ಲಿ ನೂರಾರು ಡಿಗ್ರಿಗೆ ನಿಧಾನವಾಗಿ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಬೆಸೆದು, ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ತಣಿಯಲು ಬಿಡಬೇಕು. ಅಂಥ ಕುಲುಮೆ ಅವನಲ್ಲಿ ಇರಲಿಲ್ಲ. ಬಿರುಕು ಸಿಲಿಂಡರಿನ ಒಳಗೋಡೆಗೆ ಹೋಗದೆ, ನೀರಿನ ಹೊರಕವಚದಲ್ಲೇ ನಿಂತಿತ್ತು. ಬೆಂಕಿ ಇಲ್ಲದೆ ಹೊಲಿಯುತ್ತೇನೆ ಎಂದ.

ಕಬ್ಬಿಣ ಹೊಲಿಯುವುದನ್ನು ನಾನು ನೋಡಿದ್ದು ಅಂದೇ. ಮೊದಲು ಬಿರುಕಿನ ಎರಡು ತುದಿಗಳಲ್ಲೂ ಒಂದೊಂದು ತೂತು ಕೊರೆದ. ಹಾಳಾದದ್ದನ್ನು ಇನ್ನಷ್ಟು ತೂತು ಮಾಡುವುದೇ ಎಂದು ವಕೀಲರು ಗಾಬರಿಯಾದರು. ಶಾಂಪೂ ಪೊಟ್ಟಣವನ್ನು ನೆನೆಯಿರಿ. ಅಂಚಿನಲ್ಲಿ ಸಣ್ಣ ಗೀರು ಇದ್ದರೆ ಸರ್ರನೆ ಹರಿಯುತ್ತದೆ, ಏಕೆಂದರೆ ಎಳೆತವೆಲ್ಲ ಗೀರಿನ ಚೂಪು ತುದಿಯಲ್ಲಿ ಸೇರುತ್ತದೆ. ತುದಿಯನ್ನು ದುಂಡಗೆ ಮಾಡಿದರೆ ಆ ಎಳೆತ ಹಂಚಿಹೋಗಿ ಬಿರುಕು ಮುಂದುವರಿಯುವುದಿಲ್ಲ.

ಆಮೇಲೆ ಬಿರುಕಿನುದ್ದಕ್ಕೂ ತೂತು ಕೊರೆದು, ಒಳಗೆ ಮರೆ ಕೊರೆದು, ತಾಮ್ರದ ತಿರುಪು ಬಿಗಿದು ತಲೆ ಕತ್ತರಿಸಿದ. ಮುಂದಿನ ತೂತು ಹಿಂದಿನ ತಿರುಪಿನ ಅಂಚನ್ನು ಕಚ್ಚಿಕೊಂಡೇ ಬರಬೇಕು, ನಡುವೆ ಬಿರುಕು ಒಂದಿಷ್ಟೂ ಉಳಿಯಬಾರದು. ಹೀಗೆ ಹದಿನೆಂಟು ತಿರುಪು, ಎರಡು ದಿನ. ಕೊನೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಅರದಿಂದ ಉಜ್ಜಿದ. ತಾಮ್ರ ಬೀಡಿಗಿಂತ ಹೆಚ್ಚು ಹಿಗ್ಗುವುದರಿಂದ ಎಂಜಿನ್ ಕಾದಾಗ ಸಡಿಲವಾಗುವ ಭಯವಿಲ್ಲ ಎಂದು ನಾನು ವಿವರಿಸಲು ಹೊರಟೆ. ಅವನಿಗೆ ಅದು ಗೊತ್ತಿತ್ತು.

ಬ್ಲಾಕಿನ ಬಾಯಿಗಳನ್ನೆಲ್ಲ ರಬ್ಬರು, ತಗಡು ಹಾಕಿ ಮುಚ್ಚಿ, ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ ರಾತ್ರಿಯಿಡೀ ಬಿಟ್ಟ. ಬೆಳಿಗ್ಗೆ ಹನ್ನೊಂದನೇ ತಿರುಪಿನ ಬಳಿ ಒಂದು ಹನಿ. ಅದನ್ನು ತೆಗೆದು ಹೊಸದು ಹಾಕಿ, ಮತ್ತೊಂದು ರಾತ್ರಿ ಕಾದೆವು.

ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆಂದೆ. ವಕೀಲರು, “ಬೇಡ ಮೇಷ್ಟ್ರೇ, ಮೊದಲು ಆ ಬಕೆಟ್ಟು ವಾಪಸು ಕೊಟ್ಟಿದ್ದೀರೋ ಇಲ್ಲವೋ ಹೇಳಿ” ಎಂದರು.

ಬ್ಲಾಕಿಗೆ ಹೊಸ ಬಣ್ಣ ಹೊಡೆದಾಗ ಹುಡುಗ ಆ ಮೂರಂಗುಲ ಜಾಗವನ್ನು ಮಾತ್ರ ಹಾಗೇ ಬಿಟ್ಟ. ಮತ್ತೆ ಜಿನುಗಿದರೆ ತಕ್ಷಣ ಕಾಣಬೇಕಂತೆ. ಬಾನೆಟ್ ಎತ್ತಿದಾಗಲೆಲ್ಲ ಹದಿನೆಂಟು ತಾಮ್ರದ ಚುಕ್ಕೆಗಳು ಸಾಲಾಗಿ ಕಾಣುತ್ತವೆ.