ವೋಟಿಗೆ ಕ್ರೂಸರ್, ಟಿಕೆಟ್ಟಿಗೆ ನಾಗಠಾಣ

“ನಿಮಗೇನ್ ಕಮ್ಮಿ ಐತೋ ದೋಸ್ತ? ಎಂಪಿ ಸೀಟೇ ರಿಸರ್ವ್ ಐತಲ್ಲ!”

ವಿಜಾಪುರ ಕಡೆಯ ಗೆಳೆಯರು ಬೆಂಗಳೂರಲ್ಲಿ ಎಲ್ಲಿ ಸೇರಿದ್ರೂ ಈ ಮಾತು ಬಂದೇ ಬರುತ್ತೆ. ನಾನು ಇಂಡಿ ತಾಲೂಕಿನ ಒಂದು ತಾಂಡಾದವನು, ಲಂಬಾಣಿ. ಇವತ್ತು ಇದಕ್ಕೆ ಪೂರ್ತಿ ಉತ್ತರ ಬರೆದೇ ಬಿಡೋಣ ಅಂತ ಕೂತಿದೀನಿ. ಸ್ವಲ್ಪ ಖಾರ ಇರುತ್ತೆ, ಸಹಿಸ್ಕೊಳ್ಳಿ.

ಮೊದಲು ಲೆಕ್ಕ. ನಮ್ಮ ಜಿಲ್ಲೆಯಲ್ಲಿ 8 ವಿಧಾನಸಭಾ ಕ್ಷೇತ್ರ. ಪರಿಶಿಷ್ಟ ಜಾತಿಗೆ ಮೀಸಲು ಒಂದೇ, ನಾಗಠಾಣ. 2009ರಿಂದ ಲೋಕಸಭೆ ಸೀಟೂ ಮೀಸಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಜನರಲ್. 2008ರಿಂದ 2023ರವರೆಗೆ ನಾಲ್ಕು ವಿಧಾನಸಭಾ ಚುನಾವಣೆ, 2021ರಲ್ಲಿ ಸಿಂದಗಿಗೆ ಒಂದು ಉಪಚುನಾವಣೆ. ಅಂದ್ರೆ ಈ ನಾಲ್ಕು ಕಡೆ 17 ಸಲ ಶಾಸಕರ ಆಯ್ಕೆ ಆಗಿದೆ. ಬಗಲಿ, ಪಾಟೀಲ, ಭೂಸನೂರ, ಮನಗೂಳಿ, ನಾಡಗೌಡ, ಬೆಳ್ಳುಬ್ಬಿ... 17ರಲ್ಲಿ ಒಬ್ಬರೂ ತಾಂಡಾದವರಲ್ಲ. ಬಸವಣ್ಣ ಹುಟ್ಟಿದ ಊರಿನ ಕ್ಷೇತ್ರದಲ್ಲೂ ಇಲ್ಲ!

ನಮ್ಮ ಕಡೆ ‘ಜನರಲ್’ ಅನ್ನೋ ಪದಕ್ಕೆ ‘ಪರಿಶಿಷ್ಟರು ನಿಲ್ಲಬಾರದ ಸೀಟು’ ಅಂತ ಅರ್ಥ ಬಂದುಬಿಟ್ಟಿದೆ. ಕಾನೂನು ಹಾಗೆ ಹೇಳಲ್ಲ. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರಕ್ಕೆ ಇಬ್ಬರು ಸದಸ್ಯರು, ಒಂದು ಸೀಟು ಜನರಲ್, ಇನ್ನೊಂದು ಪರಿಶಿಷ್ಟ ಪಂಗಡಕ್ಕೆ. ಎಣಿಸಿ ನೋಡಿದ್ರೆ ಎರಡೂ ಸೀಟು ಪಂಗಡದವರಿಗೇ ಹೋಗಿತ್ತು. ಸೋತ ವಿ.ವಿ. ಗಿರಿ (ಹೌದು, ಮುಂದೆ ರಾಷ್ಟ್ರಪತಿ ಆದ ಅವರೇ) ಕೋರ್ಟಿಗೆ ಹೋದ್ರು. 1959ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತ್ರು. ಮೀಸಲು ಸೀಟು ಇದೆ ಅಂದಮಾತ್ರಕ್ಕೆ ಜನರಲ್ ಸೀಟಿನ ಬಾಗಿಲು ಮುಚ್ಚಿಲ್ಲ ಅಂತ ಅವತ್ತೇ ತೀರ್ಮಾನ ಆಗಿದೆ.

“ಕಾನೂನು ಬಿಡ್ರೀ, ಗೆಲ್ಲೋ ಕ್ಯಾಂಡಿಡೇಟ್ ಬೇಕಲ್ಲ?” ಇದು ಮುಂದಿನ ಪ್ರಶ್ನೆ. ನಮ್ಮ ತಾಲೂಕಿಂದ ಭೀಮಾ ನದಿ ದಾಟಿದ್ರೆ ಸೊಲ್ಲಾಪುರ ಜಿಲ್ಲೆ. ಅಲ್ಲಿನ ತಾಂಡಾಗಳಲ್ಲೂ ನಮ್ಮದೇ ಗೋರ್ ಬೋಲಿ, ಆದ್ರೆ ಸರ್ಕಾರದ ಪಟ್ಟಿ ಬೇರೆ. ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿ, ವಿಧಾನಸಭೆಯಲ್ಲಿ ಅವರಿಗೆ ಒಂದು ಸೀಟೂ ಮೀಸಲಿಲ್ಲ. ಆದ್ರೂ ಬಂಜಾರ ಸಮುದಾಯದ ವಸಂತರಾವ್ ನಾಯಿಕ್ ಪುಸದ್‌ನಿಂದ ಗೆದ್ದು 1963ರಿಂದ 1975ರವರೆಗೆ ಮುಖ್ಯಮಂತ್ರಿಯಾಗಿದ್ರು. 1991ರಲ್ಲಿ ಅದೇ ಮನೆತನದ ಸುಧಾಕರರಾವ್ ನಾಯಿಕ್. ಆಗ ಕಾಂಗ್ರೆಸ್ ಯಾರನ್ನ ನಿಲ್ಲಿಸಿದ್ರೂ ಗೆಲ್ತಿದ್ರು ಅಂತೀರಾ? ನಾನು ಹೇಳ್ತಿರೋದೂ ಅದನ್ನೇ, ಪಕ್ಷ ಮನಸ್ಸು ಮಾಡಬೇಕು.

ನಮ್ಮ ಪಕ್ಷಗಳು ಯಾವಾಗ ಮನಸ್ಸು ಮಾಡ್ತವೆ ಅನ್ನೋದಕ್ಕೆ 2021ರ ಸಿಂದಗಿ ನೋಡಿ. ಜೆಡಿಎಸ್‌ನ ಎಂ.ಸಿ. ಮನಗೂಳಿ ತೀರಿಕೊಂಡ್ರು, ಮಗ ಕಾಂಗ್ರೆಸ್‌ಗೆ ಹೋದ್ರು. ಆಗ ಜೆಡಿಎಸ್‌ಗೆ ಮುಸ್ಲಿಂ ಮಹಿಳೆ ನಾಜಿಯಾ ಅಂಗಡಿ ನೆನಪಾದ್ರು! ವೋಟು ಒಡೆಯೋಕೆ ನಿಲ್ಲಿಸಿದ್ದಾರೆ ಅಂತ ಕಾಂಗ್ರೆಸ್ ಕೂಗಾಡಿತು. ಪಾಪ, ಅವರು ಮೂರನೇ ಸ್ಥಾನ. ಗೆಲ್ಲೋ ಸೀಟು ಮನೆಯವರಿಗೆ, ಕೈಬಿಟ್ಟ ಸೀಟು ಅಲ್ಪಸಂಖ್ಯಾತರಿಗೆ.

ಇನ್ನು ಆ ಎಂಪಿ ಸೀಟು. 2009, 2014, 2019, 2024 ನಾಲ್ಕೂ ಸಲ ರಮೇಶ ಜಿಗಜಿಣಗಿ ಗೆದ್ರು. ಎದುರು ಸೋತವರು ಎರಡು ಸಲ ಪ್ರಕಾಶ ರಾಠೋಡ, ಆಮೇಲೆ ಸುನೀತಾ ಚವ್ಹಾಣ, ಆಮೇಲೆ ರಾಜು ಆಲಗೂರ. ಮೊದಲ ಮೂರು ಸಲವೂ ನಮ್ಮವರೇ! ನಾಗಠಾಣದಲ್ಲಿ 2018ರಲ್ಲಿ ದೇವಾನಂದ ಚವ್ಹಾಣ ಗೆದ್ದಿದ್ರು, ಇಲ್ಲ ಅನ್ನಲ್ಲ. ಆದ್ರೆ ಆಟ ನೋಡಿ. ಇದ್ದ ಒಂದು ರೊಟ್ಟಿ ತಾಂಡಾದವರು ಮತ್ತು ಕೇರಿಯವರ ಮಧ್ಯೆ ಎಸೆದು, ಗೌಡರು ಕಟ್ಟೆ ಮೇಲೆ ಕೂತು ಕುಸ್ತಿ ನೋಡ್ತಾರೆ. ಒಳಮೀಸಲಾತಿ ಜಗಳದಲ್ಲಿ (2023ರ ಮಾರ್ಚಿನಲ್ಲಿ ಶಿಕಾರಿಪುರದಲ್ಲಿ ಕಲ್ಲು ಬಿದ್ದದ್ದು ನೆನಪಿರಬೇಕಲ್ಲ?) ನಾವು ಒಬ್ಬರ ಮುಖ ಒಬ್ಬರು ನೋಡದಂಗೆ ಆಗಿದೀವಿ. ಅದು ನೌಕರಿ, ಕಾಲೇಜು ಸೀಟಿನ ವಿಷಯ. ಆ ನಾಲ್ಕು ಜನರಲ್ ಸೀಟಿನ ಬಗ್ಗೆ ಇಬ್ಬರೂ ತುಟಿ ಬಿಚ್ಚಲ್ಲ.

ವೋಟು ಮಾತ್ರ ಎಲ್ಲರಿಗೂ ಬೇಕು. ಗೋವಾ, ಪುಣೆ ಕಡೆ ದುಡಿಯೋಕೆ ಹೋದ ನಮ್ಮ ತಾಂಡಾದವರಿಗೆ ಮತದಾನದ ಹಿಂದಿನ ದಿನ ಕ್ರೂಸರ್ ಗಾಡಿ ಬರುತ್ತೆ. ದಾರಿಯಲ್ಲಿ ಊಟ ಫ್ರೀ. ಎಣಿಕೆ ದಿನದಿಂದ ಗಾಡಿಯೂ ಇಲ್ಲ, ಫೋನೂ ಎತ್ತಲ್ಲ.

ಶಾಸಕ ಯಾವ ಜಾತಿಯವನಾದ್ರೇನು, ಕೆಲಸ ಆದ್ರೆ ಸಾಕಲ್ವಾ ಅನ್ನೋರಿಗೆ ಒಂದು ವಿಷಯ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಮೋದಿ ಐದು ಜಿಲ್ಲೆಗಳ ತಾಂಡಾದವರಿಗೆ ಹಕ್ಕುಪತ್ರ ಹಂಚಿದ್ರು. ವಿಜಾಪುರ ಜಿಲ್ಲೆಯೂ ಅದರಲ್ಲಿತ್ತು. ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬ. ಒಳ್ಳೇದೇ ಆಯ್ತು. ಆದ್ರೆ ಯೋಚನೆ ಮಾಡಿ, ಸ್ವಾತಂತ್ರ್ಯ ಬಂದು 75 ವರ್ಷ ಇಷ್ಟೊಂದು ಮನೆಯವರು ತಮ್ಮ ಹೆಸರಿಗೆ ಇಲ್ಲದ ಮನೆಯಿಂದ ಎದ್ದು ಹೋಗಿ ವೋಟು ಹಾಕ್ತಾ ಇದ್ರು. ಅಂಥ ಮನೆಯಲ್ಲಿ ಹುಟ್ಟಿದ ಒಬ್ಬ ಶಾಸಕ ಬೆಂಗಳೂರಲ್ಲಿ ಕೂತಿದ್ರೆ 75 ವರ್ಷ ಬೇಕಾಗ್ತಿತ್ತಾ?

ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ನಾಲ್ಕರಲ್ಲಿ ಒಂದು ಟಿಕೆಟ್ಟು, ಅದೂ ಗೆಲ್ಲೋ ಪಕ್ಷದ್ದು, ಗೆಲ್ಲೋ ಸೀಟು. ಇದನ್ನ ಓದ್ತಿರೋ ನಮ್ಮ ಕಡೆಯ ಪಾಟೀಲರು, ಗೌಡರು ಸುಮಾರು ಜನ ಇದೀರಿ. ಪಕ್ಷದ ಆಫೀಸಿಗೆ ಹೋಗಿ ಬರೋ ಕಾಕಾ, ಮಾಮಾ ನಿಮ್ಮನೇಲೇ ಇರ್ತಾರೆ. ದೀಪಾವಳಿಗೆ ಊರಿಗೆ ಹೋದಾಗ ಕೇಳಿ ನೋಡ್ರೀ, ಕೊಡ್ತಾರೇನು ಅಂತ. ಏನಂದ್ರು ಅಂತ ನನಗೂ ತಿಳಿಸಿ.