ತೈಲ ಬತ್ತುವ ಮುನ್ನವೇ ತೈಲಯುಗ ಮುಗಿದೀತು

ತೈಲ ಎಂದು ಮುಗಿಯುತ್ತದೆ? ಅರ್ಧ ಶತಮಾನಕ್ಕೂ ಮಿಕ್ಕಿ ಜಗತ್ತು ಕೇಳುತ್ತ ಬಂದ ಪ್ರಶ್ನೆಯಿದು. ಅಮೆರಿಕದ ತೈಲೋತ್ಪಾದನೆ 1970ರ ಆಸುಪಾಸಿನಲ್ಲಿ ಶಿಖರ ಮುಟ್ಟಿ ಇಳಿಯಲಿದೆಯೆಂದು ಭೂವಿಜ್ಞಾನಿ ಕಿಂಗ್ ಹಬರ್ಟ್ 1956ರಲ್ಲೇ ಲೆಕ್ಕ ಹಾಕಿದ್ದರು. ಇಳಿಯಿತು ಕೂಡ. ಆದರೆ ಬಂಡೆಯ ಪದರಗಳನ್ನು ಸೀಳಿ ತೈಲ ತೆಗೆಯುವ ತಂತ್ರ ಬಂದ ಬಳಿಕ ಅದೇ ಅಮೆರಿಕ 2018ರಲ್ಲಿ ಜಗತ್ತಿನ ಅತಿ ದೊಡ್ಡ ಉತ್ಪಾದಕನಾಯಿತು.

ಹಾಗಾದರೆ ಚಿಂತೆಯೇಕೆ ಎನ್ನುವವರಿಗೆ ನಾವು ಹೇಳುವುದಿಷ್ಟೆ: ಪ್ರಶ್ನೆಯೇ ತಪ್ಪು. ತೈಲ ಉಳಿದಿರುವಾಗಲೇ ಕೊಳ್ಳುವವರು ಕಡಿಮೆಯಾದರೆ ಗತಿಯೇನು? 2024ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಪ್ರತಿ ಐದು ಹೊಸ ಕಾರುಗಳಲ್ಲಿ ಒಂದಕ್ಕಿಂತ ಹೆಚ್ಚು ವಿದ್ಯುತ್ ಚಾರ್ಜ್ ಮಾಡಿ ಓಡಿಸುವಂಥವು. ಚೀನಾದಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು.

ಇದೆಲ್ಲ ಅರಬರನ್ನು ಮಣಿಸಲು ಪಾಶ್ಚಾತ್ಯರು ಹೂಡಿದ ತಂತ್ರವೆಂದು ವಾದಿಸುವವರು ನಮ್ಮಲ್ಲಿದ್ದಾರೆ. ಪಾಶ್ಚಾತ್ಯರ ಇಬ್ಬಂದಿತನವನ್ನು ನಾವೂ ಬಲ್ಲೆವು. ಶತಮಾನಕಾಲ ಕಲ್ಲಿದ್ದಲು, ತೈಲಗಳನ್ನು ಸುಟ್ಟು ಸಿರಿವಂತರಾದವರೇ ಇಂದು ಬಡ ರಾಷ್ಟ್ರಗಳಿಗೆ ಪರಿಸರದ ಪಾಠ ಹೇಳುತ್ತಿದ್ದಾರೆ. ಇಲ್ಲದ ಸಮೂಹ ನಾಶಕ ಅಸ್ತ್ರಗಳ ಹೆಸರು ಹೇಳಿ 2003ರಲ್ಲಿ ತೈಲ ಸಮೃದ್ಧ ಇರಾಕನ್ನು ಧ್ವಂಸಗೈದವರೂ ಇವರೇ. ಆದರೆ ಗಲ್ಫ್ ದೊರೆಗಳೇ ಏನು ಮಾಡುತ್ತಿದ್ದಾರೆಂದು ನೋಡಬೇಡವೇ? ಅಬುಧಾಬಿ 2006ರಲ್ಲೇ ನವೀಕರಿಸಬಹುದಾದ ಇಂಧನಕ್ಕಾಗಿ ಮಸ್ದರ್ ಸಂಸ್ಥೆಯನ್ನು ಕಟ್ಟಿತು. ಅಲ್ಲಿನ ಬರಾಕಾ ಅಣುಸ್ಥಾವರದ ನಾಲ್ಕು ಘಟಕಗಳು ಯುಎಇಗೆ ಬೇಕಾದ ವಿದ್ಯುತ್ತಿನ ಕಾಲು ಭಾಗವನ್ನು ನೀಡಬಲ್ಲವು. ತೈಲದ ಮೇಲಿನ ಅವಲಂಬನೆಯನ್ನು ತಗ್ಗಿಸಲು ಸೌದಿ ಅರೇಬಿಯಾ 2016ರಲ್ಲಿ 'ವಿಷನ್ 2030' ಪ್ರಕಟಿಸಿತು. ಬಾವಿಯ ಒಡೆಯನೇ ಬೇರೆ ನೀರು ಹುಡುಕುತ್ತಿರುವಾಗ, ಆ ಬಾವಿಯನ್ನು ನಂಬಿದ ನಾವು ನಿಶ್ಚಿಂತರಾಗಿರುವುದು ವಿವೇಕವೇ?

1973ರಲ್ಲಿ ತೈಲಬೆಲೆ ನಾಲ್ಕು ಪಟ್ಟು ಏರಿದ ನಂತರ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸದ ಬಾಗಿಲು ತೆರೆಯಿತು. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳ ಒಲೆ ಉರಿದದ್ದು, ಮಕ್ಕಳು ಶಾಲೆಯ ಮೆಟ್ಟಿಲೇರಿದ್ದು ಆ ದುಡಿಮೆಯಿಂದ. ಆದರೆ ಅದರಲ್ಲಿ ಎಷ್ಟು ಪಾಲು ಅಮೃತಶಿಲೆಯ ನೆಲಕ್ಕೂ ಮದುವೆಯ ಆಡಂಬರಕ್ಕೂ ಹೋಯಿತು, ಎಷ್ಟು ಪಾಲು ವಿದ್ಯೆಗೂ ಉದ್ಯಮಕ್ಕೂ ಹೋಯಿತು? ಪ್ರತಿ ಕುಟುಂಬವೂ ತನ್ನ ಲೆಕ್ಕವನ್ನು ತಾನೇ ಹಾಕಿಕೊಳ್ಳಲಿ.

ಬದಲಾವಣೆ ನಾಳೆ ಬೆಳಿಗ್ಗೆಯೇ ಬಾರದು. ತೈಲದ ನೌಕರಿಗಳು ಇನ್ನೂ ಕೆಲವು ದಶಕ ಉಳಿದಾವು. ಆದರೆ ಇಂದು ಹತ್ತನೇ ತರಗತಿಯಲ್ಲಿರುವ ಹುಡುಗ ನಲವತ್ತು ವರ್ಷ ದುಡಿಯಬೇಕಾದವನು. ಅವನ ಕೈಗೆ ಪಾಸ್‌ಪೋರ್ಟ್ ಕೊಡುವ ಮೊದಲು ಕಸುಬು ಕೊಡೋಣ. ನಮ್ಮದೇ ರಾಜ್ಯದ ಪಾವಗಡದಲ್ಲಿ, ಮಳೆ ಕೈಕೊಟ್ಟ ರೈತರಿಂದ ಗುತ್ತಿಗೆಗೆ ಪಡೆದ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿದೆ. ಸೌರ ಫಲಕ ಜೋಡಿಸುವ, ಬ್ಯಾಟರಿ ದುರಸ್ತಿ ಮಾಡುವ, ವಿದ್ಯುತ್ ಜಾಲ ನಿರ್ವಹಿಸುವ ಕೈಗಳು ಇಲ್ಲಿಯೂ ಬೇಕು, ದುಬೈಯಲ್ಲಿಯೂ ಬೇಕು. ನಮ್ಮ ಜಮಾಅತ್‌ಗಳು ಸಭಾಂಗಣ ಕಟ್ಟುವ ಉತ್ಸಾಹದ ಒಂದಂಶವನ್ನಾದರೂ ಈ ತರಬೇತಿಗೆ ಮೀಸಲಿಟ್ಟರೆ ಸಾಕು.

ಅನ್ಯರ ನೆಲದಡಿಯ ಸಂಪತ್ತು ನಮ್ಮ ಮೇಲೆ ಋಣ ಹೊರಿಸಿದೆ. ಅದನ್ನು ಹಕ್ಕೆಂದು ಭ್ರಮಿಸಿದ ಸಮುದಾಯವನ್ನು ಕಾಲವು ಕಾಯುತ್ತ ಕೂರುವುದಿಲ್ಲ.